ಮೂರನೆಯ ಸಲ ಯಾರೂ ಏಳುವುದಿಲ್ಲ

ಆಷಾಢದ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಹೊರಗೆ ಗಾಳಿಮಳೆ. ಮಣಿಪಾಲದ ಗುಡ್ಡದ ಮೇಲಿನ ಬಡಾವಣೆಯಲ್ಲಿ ಬೀಗ ಹಾಕಿದ ಮನೆಯೊಂದರಿಂದ ಸೈರನ್ ಮೊಳಗುತ್ತದೆ. ಮೊದಲ ಸಲ ಅಕ್ಕಪಕ್ಕದವರು ಕೊಡೆ, ಟಾರ್ಚು ಹಿಡಿದು ಓಡಿ ಬರುತ್ತಾರೆ. ಬಾಗಿಲು ಭದ್ರವಾಗಿಯೇ ಇದೆ. ಮತ್ತೊಂದು ರಾತ್ರಿ ಅದೇ ಸದ್ದಾದಾಗ ಕಿಟಕಿ ತೆರೆದು ನೋಡುತ್ತಾರೆ. ಮೂರನೆಯ ಸಲ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಾರೆ. ಮನೆಯ ಯಜಮಾನರು ಇರುವುದು ಮುಂಬಯಿಯಲ್ಲೋ ದುಬೈಯಲ್ಲೋ. ಕಳ್ಳ ನಿಜಕ್ಕೂ ಬರುವುದು ನಾಲ್ಕನೆಯ ರಾತ್ರಿಯಾದರೆ?

‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕತೆ ಎಲ್ಲರಿಗೂ ಗೊತ್ತು. ಆ ಹುಡುಗ ತಮಾಷೆಗಾಗಿ ಸುಳ್ಳು ಹೇಳಿದ. ಯಂತ್ರಕ್ಕೆ ಆ ಚಟವಿಲ್ಲ. ಆದರೂ ಊರವರು ಕೊನೆಗೆ ನಡೆದುಕೊಳ್ಳುವ ರೀತಿ ಮಾತ್ರ ಒಂದೇ.

ಹಾಗೆ ನೋಡಿದರೆ ಕರಾವಳಿಯ ಮನೆಗಳಿಗೆ ಕೂಗಿನ ನಂಟು ಹಳೆಯದು. ಬಯಲುಸೀಮೆಯ ಊರುಗಳಂತೆ ಇಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿರಲಿಲ್ಲ. ಗದ್ದೆಯ ಅಂಚಿಗೊಂದು, ತೋಟದ ನಡುವೆ ಇನ್ನೊಂದು ಮನೆ. ದೂರದಲ್ಲಿದ್ದವರನ್ನು ಕರೆಯಲು ‘ಕೂ’ ಹಾಕುತ್ತಿದ್ದರು. ಕೇಳಿಸಿಕೊಂಡವರು ಅತ್ತಲಿಂದ ‘ಕೂ’ ಎಂದು ಓಗೊಡುತ್ತಿದ್ದರು. ರಾತ್ರಿಯ ಕಾವಲಿಗೆ ಅಂಗಳದ ನಾಯಿ, ಬಾಗಿಲಿಗೆ ಮರದ ಅಗಳಿ. ನಾಯಿಯೂ ವೃಥಾ ಬೊಗಳುತ್ತಿತ್ತು ನಿಜ. ಆದರೆ ಬೆಕ್ಕನ್ನು ಕಂಡು ಬೊಗಳಿದ್ದೋ, ಅಪರಿಚಿತರನ್ನು ಕಂಡು ಬೊಗಳಿದ್ದೋ ಎಂಬುದು ಚಾವಡಿಯಲ್ಲಿ ಮಲಗಿದವರಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು.

ಈ ಕೂಗನ್ನು ತಂತಿಗೆ ಪೋಣಿಸಿದ್ದು ದೂರದ ಅಮೆರಿಕದಲ್ಲಿ. ಬೋಸ್ಟನ್ ಬಳಿಯ ಅಗಸ್ಟಸ್ ಪೋಪ್ ಎಂಬಾತ 1853ರಲ್ಲಿ ವಿದ್ಯುತ್ ಅಲಾರಂಗೆ ಪೇಟೆಂಟ್ ಪಡೆದ. ಬಾಗಿಲು ತೆರೆದರೆ ತಂತಿಯಲ್ಲಿ ವಿದ್ಯುತ್ ಹರಿದು ಗಂಟೆ ಬಡಿಯುತ್ತಿತ್ತು. ಕಳ್ಳ ಹೆದರಿ ಬಾಗಿಲು ಮುಚ್ಚಿದರೂ ಗಂಟೆ ನಿಲ್ಲುತ್ತಿರಲಿಲ್ಲ. ಅದರ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಅದನ್ನೇ ವ್ಯಾಪಾರವಾಗಿಸಿದ. ಹೋಮ್ಸ್ ಸಂಸ್ಥೆಯ ತಂತಿಗಳ ಮೇಲೆಯೇ 1877ರಲ್ಲಿ ಬೋಸ್ಟನ್ನಿನ ಬ್ಯಾಂಕುಗಳ ನಡುವೆ ಟೆಲಿಫೋನ್ ಮಾತುಕತೆಯನ್ನೂ ನಡೆಸಲಾಯಿತು. ಅಲಾರಂ ಮತ್ತು ಫೋನು ಹೀಗೆ ಒಂದೇ ತಂತಿಯಲ್ಲಿ ಬೆಳೆದ ಜೋಡಿ.

1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಉಡುಪಿಯಲ್ಲಿ. ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಇಂಥ ಬ್ಯಾಂಕುಗಳ ಊರಿನಲ್ಲೂ ಅಲಾರಂ ಎಂದರೆ ತಿಜೋರಿಗೆ ಮಾತ್ರ ಎಂಬ ಕಾಲವೊಂದಿತ್ತು. ಈಗ ಮನೆಗಳಿಗೂ ಬಂದಿದೆ. ಬ್ಯಾಂಕಿನಲ್ಲಿ ಅದನ್ನು ನೋಡಿಕೊಳ್ಳಲು ಸಿಬ್ಬಂದಿಯಾದರೂ ಇರುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಯಾರಿದ್ದಾರೆ?

ಮನೆಯ ಅಲಾರಂನ ಮುಖ್ಯ ಅಂಗಗಳು ಎರಡು. ಬಾಗಿಲಲ್ಲಿರುವುದು ರೀಡ್ ಸ್ವಿಚ್. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್ವುಡ್ ರೂಪಿಸಿದ್ದು. ಬಾಗಿಲಿಗೆ ಅಂಟಿಸಿದ ಅಯಸ್ಕಾಂತ ದೂರ ಸರಿದೊಡನೆ ಚೌಕಟ್ಟಿನಲ್ಲಿರುವ ಸ್ವಿಚ್ಚಿನ ಸ್ಥಿತಿ ಬದಲಾಗುತ್ತದೆ. ಕೋಣೆಯ ಮೂಲೆಯಲ್ಲಿರುವುದು ಶಾಖ ಗ್ರಹಿಸುವ ಪಿಐಆರ್ ಸೆನ್ಸರ್. ಅದರೊಳಗೆ ಅಕ್ಕಪಕ್ಕ ಎರಡು ಭಾಗಗಳಿರುತ್ತವೆ. ಇಡೀ ಕೋಣೆ ಬಿಸಿಯಾದರೆ ಎರಡಕ್ಕೂ ಒಟ್ಟಿಗೆ ಶಾಖ ತಟ್ಟಿ ಲೆಕ್ಕ ಸರಿಹೋಗುತ್ತದೆ. ಬಿಸಿಯಾದ ದೇಹವೊಂದು ಒಂದನ್ನು ದಾಟಿ ಇನ್ನೊಂದರ ಎದುರು ಹಾದುಹೋದರೆ ಮಾತ್ರ ಸಂದೇಹ. ಸುಳ್ಳು ಅಲಾರಂ ತಪ್ಪಿಸುವ ಉಪಾಯವನ್ನು ಹೀಗೆ ಯಂತ್ರದ ಹೊಟ್ಟೆಯಲ್ಲೇ ಇಟ್ಟಿದ್ದಾರೆ.

ಆದರೂ ಅಮೆರಿಕದ ಪೊಲೀಸರ ಅನುಭವ ಬೇರೆಯೇ ಕತೆ ಹೇಳುತ್ತದೆ. ಅಲ್ಲಿ 2002ರಲ್ಲಿ ಪೊಲೀಸರು ಓಡಿದ ಅಲಾರಂ ಕರೆಗಳು ಸುಮಾರು 3.6 ಕೋಟಿ. ಇಂಥ ಕರೆಗಳಲ್ಲಿ ನೂರಕ್ಕೆ 94ರಿಂದ 98 ಸುಳ್ಳು ಎಂಬುದು ಅಲ್ಲಿನ ಅಧ್ಯಯನದ ಲೆಕ್ಕ. ಸಾಲ್ಟ್ ಲೇಕ್ ಸಿಟಿಯ ಆಡಳಿತವಂತೂ 2000ದಲ್ಲಿ ಖಂಡಿತ ಮಾತಿಗೆ ಬಂದಿತು. ಸ್ಥಳದಲ್ಲಿ ಯಾರಾದರೂ ನೋಡಿ ಖಚಿತಪಡಿಸದ ಹೊರತು ಬರೀ ಅಲಾರಂ ಕೇಳಿ ಪೊಲೀಸರು ಹೋಗುವುದಿಲ್ಲವೆಂದು ಕಾನೂನೇ ಆಯಿತು.

ಕರಾವಳಿಯಲ್ಲಿ ಯಂತ್ರವನ್ನು ದಾರಿ ತಪ್ಪಿಸಲು ಕಾರಣಗಳಿಗೇನೂ ಬರವಿಲ್ಲ. ಮೊದಲನೆಯದು ಮಳೆ. ಉಡುಪಿಯ ಹಳೆಯ ಮನೆಗಳ ಮರದ ಬಾಗಿಲು ಮಳೆಗಾಲದಲ್ಲಿ ತೇವ ಹೀರಿ ಊದುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಸಡಿಲವಾದ ಬಾಗಿಲನ್ನು ಗಾಳಿ ಅಲುಗಿಸಿದಾಗ ಅಯಸ್ಕಾಂತ ಒಂದಿಷ್ಟು ಸರಿದರೂ ಸಾಕು, ರೀಡ್ ಸ್ವಿಚ್ಚಿನ ಪಾಲಿಗೆ ಬಾಗಿಲು ತೆರೆದಂತೆಯೇ. ಕಾಪುವಿನ ಕಡಲತಡಿಯಲ್ಲಿ ಉಪ್ಪುಗಾಳಿ ತಂತಿಯ ಜೋಡಣೆಗಳಿಗೆ ಕಿಲುಬು ಹಿಡಿಸುತ್ತದೆ. ಘಟ್ಟದ ಬುಡದ ಕಾರ್ಕಳದಲ್ಲಿ ಮುಂಗಾರಿನ ಮೊದಲೂ ಅನಂತರವೂ ಗುಡುಗು ಸಿಡಿಲು. ಕರೆಂಟು ಹೋಗಿ ಬಂದಾಗ ಹಳೆಯ ಬ್ಯಾಟರಿಯ ಅಲಾರಂ ಬೆಚ್ಚಿಬೀಳುತ್ತದೆ. ಇವೆಲ್ಲಕ್ಕೂ ಮಿಗಿಲಾದದ್ದು ಹಲ್ಲಿ. ಅದೇನೂ ದೊಡ್ಡ ಪ್ರಾಣಿಯಲ್ಲ. ಆದರೆ ಸೆನ್ಸರಿನ ಮಸೂರದ ಮೇಲೆಯೇ ಹರಿದರೆ ಯಂತ್ರದ ಕಣ್ಣಿಗೆ ಅದೇ ದೈತ್ಯ!

ಮನುಷ್ಯರ ಪಾಲೂ ಕಡಿಮೆಯದಲ್ಲ. ಹಬ್ಬಕ್ಕೆ ಬಂದ ನೆಂಟರಿಗೆ ಸಂಕೇತ ಸಂಖ್ಯೆ ಗೊತ್ತಿರುವುದಿಲ್ಲ, ಮನೆಗೆಲಸದವರಿಗೆ ಹೇಳಿರುವುದಿಲ್ಲ. ಮಕ್ಕಳು ಪರವೂರಿನಿಂದ ಬಂದು ಅಳವಡಿಸಿ ಹೋದ ಯಂತ್ರದ ಎದುರು ವಯಸ್ಸಾದ ತಾಯಿ ತಬ್ಬಿಬ್ಬಾಗಿ, ಕೊನೆಗೆ ಅದರ ಸಹವಾಸವೇ ಬೇಡವೆಂದು ಸ್ವಿಚ್ ಆರಿಸಿಬಿಡುತ್ತಾರೆ. ಸುಳ್ಳು ಅಲಾರಂನ ದೊಡ್ಡ ನಷ್ಟ ಇದೇ. ನೆರೆಯವರು ನಂಬುವುದನ್ನು ಬಿಟ್ಟ ಮೇಲೆ ಮನೆಯವರೂ ಬಿಡುತ್ತಾರೆ.

ಪರಿಹಾರ ಕಷ್ಟದ್ದಲ್ಲ. ಸೆನ್ಸರನ್ನು ಫ್ಯಾನು, ಪರದೆ, ಬಿಸಿಲು ಬೀಳುವ ಕಿಟಕಿಗಳಿಗೆ ಎದುರಾಗಿ ಇಡಬಾರದು. ಒಳಗೆ ಬಂದವರು ಅಲಾರಂ ನಿಲ್ಲಿಸಲು ಅರ್ಧ ನಿಮಿಷವಾದರೂ ಬಿಡುವು ಇರುವಂತೆ ಹೊಂದಿಸಬೇಕು. ಬಾಗಿಲು, ಕೋಣೆ ಎರಡೂ ಕಡೆಯ ಸುಳಿವು ಸಿಕ್ಕಿದರಷ್ಟೇ ಸೈರನ್ ಕೂಗುವಂತೆ ಮಾಡುವ ವ್ಯವಸ್ಥೆಯೂ ಇದೆ.

ಒಂದು ಸುಳಿವನ್ನೇ ನಂಬದೆ ಇನ್ನೊಂದನ್ನು ನೋಡುವ ಈ ಕ್ರಮವನ್ನು ಸಮುದ್ರತೀರದವರು ದೊಡ್ಡ ಪ್ರಮಾಣದಲ್ಲಿ ಕಂಡಿದ್ದಾರೆ. ಸುನಾಮಿ ಅಪ್ಪಳಿಸಿದ ನಾಲ್ಕೇ ದಿನಕ್ಕೆ, 2004ರ ಡಿಸೆಂಬರ್ 30ರಂದು, ಕೇಂದ್ರ ಸರಕಾರ ಹೊರಡಿಸಿದ ಎಚ್ಚರಿಕೆ ಸುಳ್ಳಾಗಿ ದಕ್ಷಿಣದ ತೀರಗಳಲ್ಲಿ ಜನ ದಿಕ್ಕೆಟ್ಟು ಓಡಿದ್ದರು. 2007ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸುನಾಮಿ ಎಚ್ಚರಿಕೆ ಕೇಂದ್ರ ಭೂಕಂಪದ ಸುದ್ದಿಯೊಂದನ್ನೇ ನಂಬದೆ ಕಡಲ ನೀರಿನ ಮಟ್ಟವನ್ನೂ ಪರಿಶೀಲಿಸುತ್ತದೆ. ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭದ ಪಾಠವೂ ಇಲ್ಲಿ ಸಲ್ಲುತ್ತದೆ. ಒಂದನ್ನು ಇನ್ನೊಂದೆಂದು ನಾವಿಕರು ತಪ್ಪು ತಿಳಿಯದಿರಲೆಂದು ದೀಪಸ್ತಂಭಗಳು ಮಿನುಗುವ ಕ್ರಮವನ್ನೇ ಬೇರೆಬೇರೆ ಇಡುತ್ತಾರೆ. ಮನೆಯ ಯಂತ್ರವೂ ಹಾಗೆ, ಕೂಗುವುದರ ಜತೆಗೆ ಅಡುಗೆಮನೆಯ ಬಾಗಿಲೋ ಮಹಡಿಯ ಕಿಟಕಿಯೋ ಎಂದು ಯಜಮಾನರ ಫೋನಿಗೆ ತಿಳಿಸಿದರೆ ಅರ್ಧ ಗೊಂದಲ ಕಳೆಯುತ್ತದೆ.

ಉಳಿದರ್ಧಕ್ಕೆ ಪಕ್ಕದ ಮನೆಯವರೇ ಬೇಕು. ದುಬೈಯಲ್ಲಿ ಕುಳಿತು ಕ್ಯಾಮರಾದಲ್ಲಿ ನೋಡಿದವರು 112ಕ್ಕೆ ತಿಳಿಸಬೇಕಾದರೂ ಇಲ್ಲಿಂದ ಕರೆ ಮಾಡುವವರೊಬ್ಬರು ಇರಲೇಬೇಕು. ಊರು ಬಿಡುವಾಗ ನಂಬಿಕೆಯ ನೆರೆಯವರಲ್ಲಿ ಒಂದು ಕೀಲಿಕೈ, ಅಲಾರಂ ನಿಲ್ಲಿಸುವ ಸಂಖ್ಯೆ ಕೊಟ್ಟು, ಠಾಣೆಗೂ ತಿಳಿಸಿ ಹೋಗುವುದು ಒಳಿತು. ಮಳೆಗಾಲಕ್ಕೆ ಮುನ್ನ ಮಾಡಿನ ಹಂಚು ಸರಿಪಡಿಸುವಾಗಲೇ ಬ್ಯಾಟರಿ ಬದಲಿಸಿ, ಸೆನ್ಸರಿನ ಜೇಡರಬಲೆ ಒರೆಸಿ, ಸೈರನ್ನನ್ನು ಒಮ್ಮೆ ಬಾರಿಸಿ ನೋಡಬಹುದು. ಬಾರಿಸುವ ಮುನ್ನ ಪಕ್ಕದ ಮನೆಗೆ ಹೇಳುವುದನ್ನು ಮಾತ್ರ ಮರೆಯಬಾರದು.