ಅವಧಾನದ ಅಳತೆ ಮತ್ತು ಅಪರಾಧದ ನಿರ್ಣಯ

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವರ ಆಸಕ್ತಿಯನ್ನು ಅವರ ಹೇಳಿಕೆಯನ್ನಷ್ಟೇ ನೆಚ್ಚದೆ ಅಳೆಯುವ ಪ್ರಯತ್ನ ದೇಹದ ಪರೀಕ್ಷೆಯಿಂದ ಬೆಳೆಯಿತು. 1950ರ ದಶಕದಲ್ಲಿ ಪ್ರಾಗ್ ನಗರದ ಮನೋವೈದ್ಯ ಕುರ್ಟ್ ಫ್ರಾಯಿಂಡ್, ಚಿತ್ರಗಳನ್ನು ನೋಡುವಾಗ ಪುರುಷನ ಜನನಾಂಗದ ಗಾತ್ರದಲ್ಲಾಗುವ ಸೂಕ್ಷ್ಮ ಬದಲಾವಣೆಯನ್ನು ದಾಖಲಿಸುವ ಉಪಕರಣವನ್ನು ರೂಪಿಸಿದಾಗ, ಸೈನ್ಯದ ಸೇವೆಯಿಂದ ತಪ್ಪಿಸಿಕೊಳ್ಳಲು ತಾವು ಸಲಿಂಗಕಾಮಿಗಳೆಂದು ಸುಳ್ಳು ಹೇಳುವವರನ್ನು ಗುರುತಿಸುವುದು ಅದರ ಮೊದಲ ಉದ್ದೇಶವಾಗಿತ್ತು. ಮುಂದೆ ಕೆನಡಾಕ್ಕೆ ವಲಸೆ ಹೋದ ಅವರು ಟೊರಾಂಟೊದಲ್ಲಿ ಅದೇ ವಿಧಾನವನ್ನು ಮಕ್ಕಳತ್ತ ಸೆಳೆತವುಳ್ಳವರ ಅಧ್ಯಯನಕ್ಕೆ ಬಳಸಿದರು. ಪರೀಕ್ಷೆಗೊಳಗಾದವರನ್ನು ತೀವ್ರ ಮುಜುಗರಕ್ಕೆ ಈಡುಮಾಡುವ ಈ ಕ್ರಮದಲ್ಲಿ ಪ್ರತಿಕ್ರಿಯೆಯನ್ನು ಬೇಕೆಂದೇ ತಡೆಹಿಡಿಯುವುದಕ್ಕೂ ಅವಕಾಶವಿತ್ತು.

ಬೇರೊಂದು ದಾರಿಯ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಚಿತ್ರವೊಂದನ್ನು ಎಷ್ಟು ಹೊತ್ತು ನೋಡಲಾಗುತ್ತದೆ ಎಂಬುದನ್ನೇ ಆಸಕ್ತಿಯ ಅಳತೆಯಾಗಿಸಬಹುದೆಂದು ಅಮೆರಿಕದ ಸಾಲ್ ರೋಸೆನ್‌ಜ್ವೈಗ್ 1942ರಲ್ಲಿ ತೋರಿಸಿದ್ದರು. 1990ರ ದಶಕದಲ್ಲಿ ಜೀನ್ ಏಬಲ್ ಇದನ್ನು ಅಪರಾಧಿಗಳ ಪರೀಕ್ಷೆಯಾಗಿ ಬೆಳೆಸಿದರು. ಆದರೆ ಹೊತ್ತನ್ನು ಅಳೆಯಲಾಗುತ್ತಿದೆಯೆಂದು ತಿಳಿದವನು ನೋಟವನ್ನು ಬೇಗನೆ ತಿರುಗಿಸಬಲ್ಲನಾದ್ದರಿಂದ, ಸಂಶೋಧಕರು ಇಚ್ಛೆಯ ಹಿಡಿತಕ್ಕೆ ಸುಲಭವಾಗಿ ಸಿಗದ ಅವಧಾನದ ಕಡೆಗೆ, ಅಂದರೆ ಮನಸ್ಸು ಒಂದು ವಸ್ತುವಿನ ಮೇಲೆ ನೆಲೆಗೊಳ್ಳುವ ಕ್ರಿಯೆಯ ಕಡೆಗೆ ಹೊರಳಿದರು. ಸೆಕೆಂಡಿಗೆ ಸುಮಾರು ಹತ್ತರಂತೆ ಚಿತ್ರಗಳು ಸರಿದುಹೋಗುವಾಗ ಒಂದನ್ನು ಗುರುತಿಸಿದ ಮನಸ್ಸು, ಅರ್ಧ ಸೆಕೆಂಡಿನೊಳಗೆ ಬರುವ ಇನ್ನೊಂದನ್ನು ಅನೇಕ ಸಲ ಕಾಣದೆ ಹೋಗುತ್ತದೆ. 1992ರಲ್ಲಿ 'ಅವಧಾನದ ರೆಪ್ಪೆಬಡಿತ' ಎಂಬರ್ಥದ ಹೆಸರು ಪಡೆದ ಈ ಕೊರತೆ, ಮೊದಲ ಚಿತ್ರ ಮನಸ್ಸನ್ನು ಬಲವಾಗಿ ಸೆಳೆದಷ್ಟೂ ಹೆಚ್ಚಬಹುದೆಂಬುದು ಪರೀಕ್ಷೆಯ ಆಧಾರ. ಬ್ರಿಟನ್ನಿನ ಆಂಥೊನಿ ಬೀಚ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗುವಿನ ಸಾಮಾನ್ಯ ಚಿತ್ರವನ್ನು ಕಂಡ ಬಳಿಕ ಎರಡನೆಯ ಚಿತ್ರವನ್ನು ಗುರುತಿಸುವಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರು ಇತರ ಅಪರಾಧಿಗಳಿಗಿಂತ ಹೆಚ್ಚು ತಪ್ಪಿದರು. ಅಶ್ಲೀಲ ಚಿತ್ರದ ಅಗತ್ಯವೇ ಇಲ್ಲದಿರುವುದು ಈ ವಿಧಾನದ ನಿಜವಾದ ಹಿರಿಮೆ. ಮುಂದಿನ ಅಧ್ಯಯನಗಳಲ್ಲೆಲ್ಲ ಇದೇ ಫಲಿತಾಂಶ ಮರುಕಳಿಸಲಿಲ್ಲವೆಂಬುದನ್ನೂ ಮರೆಯಬಾರದು.

ಗುಂಪುಗಳ ಸರಾಸರಿಯಲ್ಲಿ ಕಂಡ ವ್ಯತ್ಯಾಸವನ್ನು ಒಬ್ಬ ವ್ಯಕ್ತಿಯ ಮೇಲೆ ಹೊರಿಸುವುದು ಅಪಾಯಕರ. ಸೆಳೆತವುಳ್ಳವರೆಲ್ಲ ಅಪರಾಧ ಮಾಡುವುದಿಲ್ಲ, ಅಪರಾಧ ಮಾಡಿದವರೆಲ್ಲರಲ್ಲೂ ಆ ಸೆಳೆತ ಇರುವುದಿಲ್ಲ. ಹಳೆಯ ದೈಹಿಕ ಪರೀಕ್ಷೆಯ ಫಲಿತಾಂಶವನ್ನು ಆರೋಪಿಯ ಪರವಾಗಿ ಮಂಡಿಸಲು ಹೊರಟಾಗ ಕೆನಡಾದ ಸುಪ್ರೀಂ ಕೋರ್ಟ್ 2000ದಲ್ಲಿ ಅದನ್ನು ಒಪ್ಪಲಿಲ್ಲ. ಚಿಕಿತ್ಸೆಯಲ್ಲಿ ಉಪಯುಕ್ತವಾದ ಸಾಧನ ಅಷ್ಟರಿಂದಲೇ ನ್ಯಾಯಾಲಯದ ಸಾಕ್ಷ್ಯವಾಗಲು ಬೇಕಾದ ವಿಶ್ವಾಸಾರ್ಹತೆಯನ್ನು ಪಡೆಯುವುದಿಲ್ಲವೆಂಬುದು ಅದರ ನಿಲುವಾಗಿತ್ತು. ದಶಕಗಳ ಬಳಕೆಯಿದ್ದ ಪರೀಕ್ಷೆಗೇ ಅನ್ವಯಿಸಿದ ಈ ಕಟ್ಟುನಿಟ್ಟು, ಮಿಲಿಸೆಕೆಂಡುಗಳ ಲೆಕ್ಕವನ್ನು ನೆಚ್ಚುವ ಹೊಸ ಪರೀಕ್ಷೆಗಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.