ಒಂಟಿ ರೆಕ್ಕೆಯ ಹಲಗೆ

ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಒಂದು ಕೋಷ್ಟಕದಿಂದ ಶುರುವಾಗುತ್ತಿತ್ತು. ಅಲೆಯ ಮೇಲೆ ನಿಂತು ಸಾಗುವ ಹಲಗೆ, ಅಂದರೆ ಸರ್ಫ್‌ಬೋರ್ಡ್, ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದು ಅದರ ವಿಷಯ. ಈ ಹಲಗೆಯ ಅಡಿಯಲ್ಲಿ, ಬಾಲದ ಹತ್ತಿರ, ಮೀನಿನ ಈಜುರೆಕ್ಕೆಯಂಥದ್ದು ನೆಟ್ಟಿರುತ್ತದೆ. ಅದಕ್ಕೆ ಫಿನ್ ಎನ್ನುತ್ತಾರೆ. ನನ್ನ ಕೋಷ್ಟಕ ಇಟ್ಟಿದ್ದು ಫಿನ್‌ಗಳ ಲೆಕ್ಕ. 1935ಕ್ಕೆ ಮೊದಲು ಸೊನ್ನೆ, 1935ರಲ್ಲಿ ಒಂದು, 1970ರ ದಶಕದ ಕೊನೆಗೆ ಎರಡು, 1980ರಿಂದ ಮೂರು. ಕೊನೆಯ ಕಾಲಮ್ಮಿಗೆ ‘ಸುಧಾರಣೆ’ ಎಂದು ಹೆಸರಿಟ್ಟಿದ್ದೆ. ಮಾರ್ಗದರ್ಶಕರು ಕರಡನ್ನು ಹಿಂದಿರುಗಿಸಿದಾಗ ಆ ಪದಕ್ಕೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ, ಪಕ್ಕದಲ್ಲಿ ‘ಯಾರಿಗೆ?’ ಎಂದು ಬರೆದಿದ್ದರು.

ಆ ಒಂದು ಪದದಿಂದಾಗಿ ಅಧ್ಯಾಯ ಎಂಟು ತಿಂಗಳು ಹಿಂದೆ ಬಿತ್ತು. ಫೆಲೋಶಿಪ್ಪಿನ ಅವಧಿ ಮುಗಿಯುತ್ತಾ ಬಂದವರಿಗೆ ಎಂಟು ತಿಂಗಳು ಎಂದರೇನೆಂದು ಗೊತ್ತಿರುತ್ತದೆ. ಆದರೆ ಈಗ ಹಿಂತಿರುಗಿ ನೋಡಿದರೆ, ನನ್ನ ಕೋಷ್ಟಕದ ಮೊದಲ ಸಾಲಿನ ‘ಸೊನ್ನೆ’ಯಿಂದಲೇ ತಪ್ಪು ಶುರುವಾಗಿತ್ತು.

ಕ್ಯಾಪ್ಟನ್ ಕುಕ್‌ನ ಹಡಗುಗಳು ಹವಾಯಿ ದ್ವೀಪಗಳಿಗೆ ಬಂದಾಗ, 1779ರಲ್ಲಿ, ಕೆಯಲಾಕೆಕುವಾ ಕೊಲ್ಲಿಯಲ್ಲಿ ಜನ ಹಲಗೆಗಳ ಮೇಲೆ ಅಲೆ ಸವಾರಿ ಮಾಡುತ್ತಿದ್ದುದನ್ನು ಲೆಫ್ಟಿನೆಂಟ್ ಜೇಮ್ಸ್ ಕಿಂಗ್ ವಿವರವಾಗಿ ಬರೆದಿಟ್ಟ. ಅಲ್ಲಿಯವರು ಇದನ್ನು ಹೇಎ ನಾಲು ಎನ್ನುತ್ತಾರೆ. ಅವರ ಹಲಗೆಗಳಲ್ಲಿ ಬಗೆಗಳಿದ್ದವು. ಅಲಾಯ ಎಂಬುದು ತೆಳ್ಳಗಿನ ಹಲಗೆ. ಅದನ್ನು ಕೋವಾ ಮರದಿಂದಲೋ ಉಲು ಮರದಿಂದಲೋ ಮಾಡುತ್ತಿದ್ದರು. ಉಲು ಎಂದರೆ ಬೇರೇನಲ್ಲ, ನಮ್ಮ ಕರಾವಳಿಯ ಜೀಗುಜ್ಜೆ. ಓಲೋ ಎಂಬುದು ಅರಸು ಮನೆತನದವರ ಉದ್ದನೆಯ, ದಪ್ಪನೆಯ ಹಲಗೆ. ಅದಕ್ಕೆ ಹಗುರವಾದ ವಿಲಿವಿಲಿ ಮರ. ನಮ್ಮ ತೋಟಗಳ ಹಾಲುವಾಣದ ಹತ್ತಿರದ ನೆಂಟ. ಅಲೆ ಕಡಿದಾಗಿ ಮುರಿಯುವಲ್ಲಿ ಅಲಾಯ, ನಿಧಾನವಾಗಿ ಉರುಳಿ ಬರುವಲ್ಲಿ ಓಲೋ. ಯಾವುದಕ್ಕೂ ಫಿನ್ ಇರಲಿಲ್ಲ. ಮೈ ವಾಲಿಸಿ, ಬೇಕಾದರೆ ಒಂದು ಕಾಲನ್ನು ನೀರಿಗೆ ಇಳಿಬಿಟ್ಟು ದಿಕ್ಕು ಬದಲಿಸುತ್ತಿದ್ದರು.

ಇದನ್ನು ‘ಫಿನ್ ಇನ್ನೂ ಹುಟ್ಟಿರದ ಕಾಲ’ ಎಂದು ಬರೆಯುವುದು ಎಷ್ಟು ಸುಲಭ! ನಾನೂ ಹಾಗೆಯೇ ಬರೆದಿದ್ದೆ. ಆದರೆ ಆ ಹಲಗೆಗಳು ಕಾಣೆಯಾದದ್ದು ಸೋತದ್ದರಿಂದಲ್ಲ. ಹೊರಗಿನಿಂದ ಬಂದ ರೋಗಗಳಿಗೆ ತುತ್ತಾಗಿ, ಲಕ್ಷಗಳಲ್ಲಿದ್ದ ಹವಾಯಿಯ ಮೂಲ ಜನ 1890ರ ಹೊತ್ತಿಗೆ ಸುಮಾರು 40 ಸಾವಿರಕ್ಕೆ ಇಳಿದಿದ್ದರು. 1820ರಲ್ಲಿ ಬಂದ ಮಿಷನರಿಗಳಿಗೆ ಅರೆಬೆತ್ತಲೆಯ ಈ ಆಟ ಹಿಡಿಸಲಿಲ್ಲ. 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. ಆಟ ಪೂರ್ತಿ ನಿಲ್ಲಲಿಲ್ಲ, ನಿಜ. ಆದರೆ ಓಲೋ ಹಲಗೆಗಳು ಸಮುದ್ರ ಬಿಟ್ಟು ಹೊನಲುಲುವಿನ ಬಿಷಪ್ ಮ್ಯೂಸಿಯಮ್ಮಿನ ಗೋಡೆ ಸೇರಿದವು.

ಅಲ್ಲಿಗೆ 1920ರ ದಶಕದಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರ ಬಂದ. ಹುಟ್ಟಿದ್ದು ಸಮುದ್ರವೇ ಇಲ್ಲದ ವಿಸ್ಕಾನ್ಸಿನ್‌ನಲ್ಲಿ. ಅಬ್ನರ್ ಪಾಕಿ ಎಂಬ ಹವಾಯಿಯ ನಾಯಕನ ಹಳೆಯ ಹಲಗೆಗಳನ್ನು ಆತ ದುರಸ್ತಿ ಮಾಡಿದ. ಅವನ್ನು ನೋಡಿ ತನಗೂ ಅಂಥದ್ದೇ ಬೇಕೆನಿಸಿತು. ಅಷ್ಟುದ್ದದ ಹಲಗೆ ವಿಪರೀತ ಭಾರ. ಭಾರ ಇಳಿಸಲು ಮೊದಲು ಅದರ ಮೈತುಂಬ ತೂತು ಕೊರೆದ, ಆಮೇಲೆ ಒಳಗೆಲ್ಲ ಟೊಳ್ಳು ಮಾಡಿದ. ಟೊಳ್ಳು ಹಲಗೆಗೆ 1932ರಲ್ಲಿ ಪೇಟೆಂಟ್ ಸಿಕ್ಕಿತು. ಹಲಗೆ ಹಗುರವಾಯಿತು, ಚೆನ್ನಾಗಿ ತೇಲಿತು. ಆದರೆ ಅಲೆಯ ಇಳಿಜಾರಿನಲ್ಲಿ ಓರೆಯಾಗಿ ಸಾಗುವಾಗ ಬಾಲ ಜಾರತೊಡಗಿತು. 1935ರಲ್ಲಿ ವೈಕಿಕಿಯಲ್ಲಿ, ಬಿಸಾಡಿದ್ದ ಒಂದು ಸ್ಪೀಡ್‌ಬೋಟಿನ ತಳದ ಲೋಹದ ಪಟ್ಟಿಯನ್ನು ಕಿತ್ತು ತಂದು ಆತ ಹಲಗೆಯ ಅಡಿಗೆ ಜೋಡಿಸಿದ. ಒಂಟಿ ರೆಕ್ಕೆಯ ಹಲಗೆ ಹುಟ್ಟಿದ್ದು ಹೀಗೆ.

ಇಲ್ಲಿ ನನ್ನ ಕೋಷ್ಟಕ ಮುಚ್ಚಿಟ್ಟಿದ್ದ ಒಂದು ಸಂಗತಿಯಿದೆ. ಎರಡೇ ವರ್ಷಗಳ ನಂತರ, 1937ರಲ್ಲಿ, ಅದೇ ಹೊನಲುಲುವಿನ ಕೆಲವು ಹುಡುಗರಿಗೂ ಬಾಲ ಜಾರುವ ತೊಂದರೆಯೇ ಎದುರಾಯಿತು. ಜಾನ್ ಕೆಲ್ಲಿ, ವಾಲಿ ಫ್ರಾಯ್ಸೆತ್, ಫ್ರಾನ್ ಹೀತ್ ಅವರಲ್ಲಿ ಪ್ರಮುಖರು. ಅವರು ಏನನ್ನೂ ಜೋಡಿಸಲಿಲ್ಲ. ಕೊಡಲಿ ತೆಗೆದುಕೊಂಡು ರೆಡ್‌ವುಡ್ ಹಲಗೆಯ ಬಾಲವನ್ನೇ ಕೆತ್ತಿ ಕಿರಿದು ಮಾಡಿ, ತಳಕ್ಕೆ ದೋಣಿಯಂತೆ ಏಣು ಕೊಟ್ಟರು. ಬಾಲ ನೀರಿಗೆ ಕಚ್ಚಿ ನಿಂತಿತು. ‘ಹಾಟ್ ಕರ್ಲ್’ ಎಂದು ಹೆಸರಾದ ಆ ಹಲಗೆಗಳ ಮೇಲೆ ಅವರು ಮಕಾಹಾದ ದೊಡ್ಡ ದೊಡ್ಡ ಅಲೆಗಳನ್ನು ಏರಿದರು. ಸಮಸ್ಯೆ ಒಂದೇ, ಊರು ಒಂದೇ, ಉತ್ತರ ಮಾತ್ರ ಎರಡು: ಒಬ್ಬ ಸೇರಿಸಿದ, ಇನ್ನೊಬ್ಬರು ಕಳೆದರು. ಮುಂದೆ ಉಳಿದದ್ದು ಸೇರಿಸಿದ್ದು. ಎಣಿಸುವವನ ಕಣ್ಣಿಗೆ ಬೀಳುವುದೂ ಸೇರಿಸಿದ್ದೇ.

ಫಿನ್ ಎಂದರೆ ಚುಕ್ಕಾಣಿ ಎಂದುಕೊಳ್ಳುವವರಿದ್ದಾರೆ. ಚುಕ್ಕಾಣಿ ತಿರುಗುತ್ತದೆ, ಫಿನ್ ತಿರುಗುವುದಿಲ್ಲ. ಅದರ ಕೆಲಸ ಬಾಣದ ಹಿಂದಿನ ಗರಿಯ ಕೆಲಸದಂತೆ: ಹಿಂಬದಿ ಪಕ್ಕಕ್ಕೆ ಸರಿಯದಂತೆ ತಡೆಯುವುದು. ಸವಾರ ಹಿಂಗಾಲನ್ನು ಅದರ ಮೇಲಕ್ಕೆ ತಂದು ವಾಲಿದರೆ ಹಲಗೆ ಅದನ್ನೇ ಕೀಲಾಗಿಸಿಕೊಂಡು ಹೊರಳುತ್ತದೆ. ಫಿನ್ ಹಿಂದಕ್ಕೆ ಸರಿದಷ್ಟೂ ಹಲಗೆ ನೇರ ಹಾದಿ ಹಿಡಿಯುತ್ತದೆ, ಮುಂದಕ್ಕೆ ಬಂದಷ್ಟೂ ಸಲೀಸಾಗಿ ತಿರುಗುತ್ತದೆ. 1950ರ ದಶಕದ ಫಿನ್‌ಗಳು ಇಂಗ್ಲಿಷಿನ ‘ಡಿ’ ಅಕ್ಷರದಂತೆ ಅಗಲವಾಗಿದ್ದವು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೋ, ವೇಗದ ಮೀನುಗಳ ರೆಕ್ಕೆಗಳನ್ನು ಗಮನಿಸಿ, ಬುಡ ಅಗಲ, ತುದಿ ಕಿರಿದು, ಹಿಂದಕ್ಕೆ ಬಾಗಿದ, ಬಳುಕುವ ಫಿನ್ ಮಾಡಿದ. 1966ರಲ್ಲಿ ಸ್ಯಾನ್ ಡಿಯಾಗೋದ ವಿಶ್ವ ಸ್ಪರ್ಧೆಯನ್ನು ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಗೆದ್ದದ್ದು ಅಂಥ ಫಿನ್ ಇದ್ದ ಹಲಗೆಯ ಮೇಲೆ.

ಮುಂದಿನದು ಅಂಕಗಳ ಕಾಲ. 1976ರಲ್ಲಿ ವೃತ್ತಿಪರ ಸ್ಪರ್ಧೆಗಳ ವಿಶ್ವ ಸರಣಿ ಶುರುವಾಯಿತು. ಅಲೆಯ ಮೇಲೆ ಎಷ್ಟು ಚುರುಕಾದ ತಿರುವು ಹಾಕಿದೆ ಎಂಬುದಕ್ಕೆ ಬೆಲೆ ಬಂತು. ಎರಡು ಫಿನ್‌ನ ಹಲಗೆಯಲ್ಲಿ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ. ಸಿಡ್ನಿಯ ಸೈಮನ್ ಆ್ಯಂಡರ್ಸನ್ ದೊಡ್ಡ ಮೈಕಟ್ಟಿನವ. ಅವನ ಭಾರಕ್ಕೆ ಎರಡು ಫಿನ್‌ನ ಹಲಗೆ ಜಾರುತ್ತಿತ್ತು. 1980ರಲ್ಲಿ ಆತ ಮೂರನೆಯದನ್ನು ಸೇರಿಸಿದ. 1981ರಲ್ಲಿ ಬೆಲ್ಸ್ ಬೀಚಿನ ಭಾರಿ ಅಲೆಗಳಲ್ಲಿ ಗೆದ್ದ. ಪೇಟೆಂಟ್ ಮಾಡಿಸಲಿಲ್ಲ, ಹಾಗಾಗಿ ಎಲ್ಲರೂ ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ಒಂಟಿ ಫಿನ್ ಸ್ಪರ್ಧೆಗಳಿಂದ ಮಾಯವಾಯಿತು. ಅಂಕಕ್ಕಾಗಿ ಆಡುವವರಿಗೆ ಇದು ಸುಧಾರಣೆಯೇ, ಅನುಮಾನವಿಲ್ಲ.

ಹಾಗಿದ್ದರೆ ಒಂಟಿ ಫಿನ್ ಹಲಗೆಯನ್ನು ಜನ ಇನ್ನೂ ಏಕೆ ಮಾಡುತ್ತಾರೆ, ಏಕೆ ಕೊಳ್ಳುತ್ತಾರೆ? ಗ್ರಂಥಾಲಯದಲ್ಲಿ ಕೂತು ಇದಕ್ಕೆ ಉತ್ತರ ಹುಡುಕಿ ಸೋತು ಸಸಿಹಿತ್ಲಿಗೆ ಹೋದೆ. ಶಾಂಭವಿ, ನಂದಿನಿ ನದಿಗಳು ಕೂಡಿ ಸಮುದ್ರ ಸೇರುವ ಜಾಗ ಅದು. ಹತ್ತಿರದ ಮೂಲ್ಕಿಯಲ್ಲಿ 2004ರಿಂದ ಸರ್ಫ್ ಕ್ಲಬ್ ಇದೆ. ಇಂಡಿಯನ್ ಓಪನ್ ಸ್ಪರ್ಧೆ 2016ರಲ್ಲಿ ನಡೆದದ್ದೂ ಸಸಿಹಿತ್ಲಿನಲ್ಲೇ. ಮೂರು ಫಿನ್‌ನ ಕಲಿಕೆಯ ಹಲಗೆಯಲ್ಲಿ ಒಂದಷ್ಟು ದಿನ ಬಿದ್ದೆದ್ದ ಮೇಲೆ, ಅಲ್ಲಿನ ಹುಡುಗನೊಬ್ಬ ತನ್ನ ಒಂಬತ್ತು ಅಡಿಯ ಒಂಟಿ ಫಿನ್ ಹಲಗೆ ಕೊಟ್ಟ. ‘ಅಕ್ಕ, ಇದನ್ನು ತಿರುಗಿಸ್ಲಿಕ್ಕೆ ಹೋಗ್ಬೇಡಿ. ಅದೇ ಹೋಗ್ತದೆ’ ಎಂದ.

ನಾನು ತಿರುಗಿಸಲು ಹೋದೆ, ಬಿದ್ದೆ. ಎರಡನೆಯ ಸಲವೂ ಅದೇ ಕಥೆ. ಈ ಹಲಗೆ ಆತುರಕ್ಕೆ ಸೊಪ್ಪು ಹಾಕುವುದಿಲ್ಲ. ಅಲೆ ಇನ್ನೂ ಮುರಿಯುವ ಮೊದಲೇ, ಬರೀ ಉಬ್ಬಾಗಿರುವಾಗಲೇ ಅದನ್ನು ಹಿಡಿಯುತ್ತದೆ. ಆಮೇಲೆ ವೇಗವನ್ನು ನಾವು ಕುಪ್ಪಳಿಸಿ ಹುಟ್ಟಿಸಬೇಕಿಲ್ಲ, ಅಲೆಯೇ ಕೊಡುತ್ತದೆ. ಮೂರನೆಯ ಸಲ ಏನೂ ಮಾಡದೆ ನಿಂತೆ. ಕಾಲಡಿಯಲ್ಲಿ ಒಂದು ಸಣ್ಣ ಗುಂಯ್ ಸದ್ದು. ನೀರಿನ ಗೋಡೆ ಪಕ್ಕದಲ್ಲೇ ಏಳುತ್ತಾ ಬಂತು, ಹಲಗೆ ಅದರ ಉದ್ದಕ್ಕೂ ಒಂದೇ ಗೆರೆ ಎಳೆದಂತೆ ಸಾಗಿತು. ಐದೋ ಆರೋ ಸೆಕೆಂಡು ಇರಬಹುದು. ಒಂದು ಹೆಜ್ಜೆ ಮುಂದಿಟ್ಟೆ, ಹಲಗೆ ಇನ್ನಷ್ಟು ಹಗುರಾಯಿತು. ಇನ್ನೊಂದು ಇಡಲು ಹೋಗಿ ಮತ್ತೆ ಬಿದ್ದೆ. ನುರಿತವರು ಹೀಗೇ ಅಡ್ಡಹೆಜ್ಜೆ ಇಡುತ್ತಾ ತುದಿಯವರೆಗೆ ನಡೆದು, ಕಾಲ್ಬೆರಳುಗಳನ್ನು ಅಂಚಿನಾಚೆ ಚಾಚಿ ನಿಲ್ಲುತ್ತಾರೆ. ಅಷ್ಟು ಹೊತ್ತೂ ಬಾಲವನ್ನು ಹಿಡಿದಿಡುವುದು ಅದರ ಮೇಲೆ ಹರಿಯುವ ಅಲೆಯ ನೀರು ಮತ್ತು ಆ ಒಂದೇ ಫಿನ್.

ತಿರುವು ಎಣಿಸುವವರ ಕೋಷ್ಟಕದಲ್ಲಿ ಈ ಐದು ಸೆಕೆಂಡಿಗೆ ಅಂಕವಿಲ್ಲ. ನನ್ನ ಕೋಷ್ಟಕದಲ್ಲೂ ಅದಕ್ಕೆ ಕಾಲಮ್ಮು ಇರಲಿಲ್ಲ. 2000ದ ದಶಕದಲ್ಲಿ ಟಾಮ್ ವೆಗ್ನರ್ ಎಂಬ ಕುಶಲಕರ್ಮಿ ಬಿಷಪ್ ಮ್ಯೂಸಿಯಮ್ಮಿನ ಅಲಾಯಗಳನ್ನು ನೋಡಿ ಬಂದು, ಫಿನ್ನೇ ಇಲ್ಲದ ಅಂಥ ಹಲಗೆಗಳನ್ನು ಮತ್ತೆ ಮಾಡತೊಡಗಿದ; ಒಳ್ಳೊಳ್ಳೆಯ ಸವಾರರು ಅವನ್ನು ಹಿಡಿದು ನೀರಿಗಿಳಿದರು. ನಾನು ‘ಸೊನ್ನೆ’ ಎಂದು ಬರೆದ ಸಾಲಿನಿಂದಲೂ ಜನ ಕಲಿಯುವುದು ಮುಗಿದಿರಲಿಲ್ಲ.

ಅಧ್ಯಾಯವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಕೋಷ್ಟಕ ಇನ್ನೂ ಇದೆ. ಪರೀಕ್ಷಕರಿಗೆ ಕೋಷ್ಟಕ ಬೇಕು. ‘ಸುಧಾರಣೆ’ ಹೋಗಿದೆ, ಅದರ ಜಾಗದಲ್ಲಿ ಎರಡು ಕಾಲಮ್ಮುಗಳು ಬಂದಿವೆ: ‘ಯಾವ ಅಲೆಗೆ’, ‘ಏನು ಬೇಕಿತ್ತು’. ಮೊದಲ ಸಾಲಿನ ಸೊನ್ನೆಯನ್ನು ಹೊಡೆದುಹಾಕಿ ಮರಗಳ ಹೆಸರು ಬರೆದಿದ್ದೇನೆ: ಕೋವಾ, ಉಲು, ವಿಲಿವಿಲಿ.