ಅಂಡಾಶಯದ ತಿರುಚುವಿಕೆ: ಡಾಪ್ಲರ್‌ನ ಬಣ್ಣವನ್ನು ಎಷ್ಟು ನಂಬಬೇಕು?

ಹದಿಹರೆಯದ ಹುಡುಗಿಗೆ ಕಿಬ್ಬೊಟ್ಟೆಯ ಬಲಭಾಗದಲ್ಲಿ ಹಠಾತ್ತನೆ ನೋವು, ಜೊತೆಗೆ ವಾಂತಿ ಶುರುವಾದರೆ ಮೊದಲ ಅನುಮಾನ ಅಪೆಂಡಿಸೈಟಿಸ್ ಮೇಲೆಯೇ. ಅಂಡಾಶಯ ತನ್ನ ತೊಟ್ಟಿನ ಸುತ್ತ ತಿರುಚಿಕೊಂಡಾಗಲೂ, ಅಂದರೆ ಟಾರ್ಷನ್ ಆದಾಗಲೂ, ಲಕ್ಷಣಗಳು ಇವೇ. ಸ್ಕ್ಯಾನಿಂಗ್ ವರದಿಯಲ್ಲಿ ‘ರಕ್ತಸಂಚಾರವಿದೆ, ಟಾರ್ಷನ್ ಇಲ್ಲ’ ಎಂದು ಬರೆದಿದ್ದರೆ ಎಲ್ಲರೂ ನಿರಾಳರಾಗುತ್ತಾರೆ. ಆ ಸಾಲಿನ ಮೊದಲರ್ಧ ನಿಜವಿದ್ದರೂ ಎರಡನೆಯದು ಸುಳ್ಳಾಗಬಹುದು ಎಂಬುದೇ ಈ ಲೇಖನದ ವಾದ.

ಅಂಡಾಶಯಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ: ಮಹಾಪಧಮನಿಯಿಂದ ಹೊರಡುವ ಅಂಡಾಶಯ ಧಮನಿ ಒಂದು, ಗರ್ಭಾಶಯ ಧಮನಿಯ ಕವಲು ಇನ್ನೊಂದು. ತೊಟ್ಟು ತಿರುಚಿದಾಗ ತೆಳುಗೋಡೆಯ ಸಿರೆಗಳೂ ದುಗ್ಧನಾಳಗಳೂ ಮೊದಲು ಅದುಮಿಹೋಗುತ್ತವೆ. ದಪ್ಪಗೋಡೆಯ ಧಮನಿಗಳು ಕೊನೆಯವರೆಗೂ ತಡೆದುಕೊಳ್ಳುತ್ತವೆ. ಒಳಬರುವ ರಕ್ತಕ್ಕೆ ಹೊರದಾರಿ ಇಲ್ಲದೆ ಅಂಡಾಶಯ ಊದಿಕೊಳ್ಳುತ್ತದೆ. ಈ ಹಂತದಲ್ಲಿ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಇಟ್ಟರೆ ಧಮನಿಯ ಹರಿವು ಕಂಡೇ ಕಾಣುತ್ತದೆ. ತಿರುಚು ಸಡಿಲವಾಗಿದ್ದರೆ ಅಥವಾ ಬಿಟ್ಟುಬಿಟ್ಟು ಆಗುತ್ತಿದ್ದರೆ ಸಿರೆಯ ಹರಿವೂ ಕಾಣಬಹುದು.

ಹಾಗಾಗಿ ಬಣ್ಣಕ್ಕಿಂತ ಮೊದಲು ಕಪ್ಪು-ಬಿಳುಪು ಚಿತ್ರವನ್ನು ಓದಬೇಕು. ಎರಡೂ ಕಡೆಯ ಅಂಡಾಶಯಗಳನ್ನು ಅಳೆದು ಹೋಲಿಸಿದರೆ ತಿರುಚಿದ್ದು ಸಾಮಾನ್ಯವಾಗಿ ದೊಡ್ಡದಾಗಿ, ನಡುಭಾಗ ಊದಿ, ಪುಟ್ಟ ಕೋಶಕಗಳು ಅಂಚಿಗೆ ಸರಿದು ಮಣಿಸರದಂತೆ ಕಾಣುತ್ತದೆ. ಅದು ತನ್ನ ಜಾಗ ಬಿಟ್ಟು ಗರ್ಭಾಶಯದ ಮುಂದಕ್ಕೋ ಮಧ್ಯಕ್ಕೋ ಬಂದಿರುವುದೂ ಉಂಟು. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ತೊಟ್ಟಿನಲ್ಲೇ ಇದೆ. ಪ್ರೋಬನ್ನು ಗರ್ಭಾಶಯದ ಪಕ್ಕದಿಂದ ಅಂಡಾಶಯದತ್ತ ನಿಧಾನವಾಗಿ ಸರಿಸುತ್ತ ಹೋದರೆ, ಅಡ್ಡಸೀಳಿನಲ್ಲಿ ರಕ್ತನಾಳಗಳು ಒಂದರ ಸುತ್ತ ಒಂದು ಸುಳಿಯಾಗಿ ಸುತ್ತಿರುವುದು ಕಣ್ಣಿಗೆ ಬೀಳುತ್ತದೆ. ಈ ಸುಳಿಯನ್ನು ಹುಡುಕಲು ಕೆಲವೇ ನಿಮಿಷ ಸಾಕು. ಹುಡುಕದವರಿಗೆ ಮಾತ್ರ ಅದು ಸಿಗುವುದಿಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಇನ್ನೊಂದು ತೊಡಕಿದೆ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಯೋನಿಯ ಮೂಲಕ ಸ್ಕ್ಯಾನ್ ಮಾಡುವುದಿಲ್ಲ. ಹೊಟ್ಟೆಯ ಮೇಲಿನಿಂದ ನೋಡಲು ಮೂತ್ರಕೋಶ ತುಂಬಿರಬೇಕು. ವಾಂತಿಯಾಗುತ್ತಿರುವ ಹುಡುಗಿಗೆ ‘ನೀರು ಕುಡಿದು ಕಾಯಿರಿ’ ಎನ್ನುವುದು ಅಮೂಲ್ಯವಾದ ಹೊತ್ತನ್ನು ಕಳೆದಂತೆ. ಡ್ರಿಪ್ ಹಾಕಿ, ಅಗತ್ಯಬಿದ್ದರೆ ಕ್ಯಾತಿಟರ್ ಮೂಲಕ ಮೂತ್ರಕೋಶ ತುಂಬಿಸಿ ನೋಡುವುದು ಮೇಲು.

ಅಪೆಂಡಿಕ್ಸ್‌ಗೆಂದು ಮಾಡಿದ ಸಿ.ಟಿ.ಯಲ್ಲೂ ಸುಳಿವುಗಳಿರುತ್ತವೆ: ಊದಿದ ಅಂಡಾಶಯ, ಅದರತ್ತ ವಾಲಿದ ಗರ್ಭಾಶಯ, ದಪ್ಪನಾದ ತೊಟ್ಟು. ಗರ್ಭಿಣಿಯರಲ್ಲಿ ಅಲ್ಟ್ರಾಸೌಂಡ್ ಸ್ಪಷ್ಟವಾಗದಿದ್ದರೆ ಕಾಂಟ್ರಾಸ್ಟ್ ಇಲ್ಲದ ಎಂ.ಆರ್.ಐ. ನೆರವಾಗುತ್ತದೆ. ಆದರೆ ಅದರ ಸರದಿಗಾಗಿ ಲ್ಯಾಪರೊಸ್ಕೋಪಿಯನ್ನು ಮುಂದೂಡಬಾರದು. ಅನುಮಾನ ಬಲವಾಗಿದ್ದರೆ ಅಂತಿಮ ಉತ್ತರ ಸಿಗುವುದು ಆಪರೇಷನ್ ಟೇಬಲ್ ಮೇಲೆಯೇ.

ಹರಿವು ಕಾಣದಿದ್ದಾಗಲೂ ಅವಸರದ ತೀರ್ಮಾನ ಸಲ್ಲದು. ಹರಿವಿಲ್ಲವೆಂದರೆ ಅಂಡಾಶಯ ಸತ್ತಿದೆ ಎಂದಲ್ಲ. ನೀಲಿಗಪ್ಪಾಗಿ ಕಂಡ ಅಂಡಾಶಯಗಳೂ ತಿರುಚು ಬಿಡಿಸಿದ ಮೇಲೆ ಚೇತರಿಸಿಕೊಂಡು ಮತ್ತೆ ಕೋಶಕಗಳನ್ನು ಬೆಳೆಸಿವೆ. ಹದಿಹರೆಯದವರಲ್ಲಿ ನೋಟ ಹೇಗಿದ್ದರೂ ಅಂಡಾಶಯವನ್ನು ಉಳಿಸಿಕೊಳ್ಳಬೇಕೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2019ರಲ್ಲಿ ಸಲಹೆ ನೀಡಿದ್ದು ಈ ಕಾರಣಕ್ಕೇ.